ರಶೀದಿ

ಎಂಬತ್ತಾರರ ಬ್ಯಾಚಿನ ಖಜಾಂಚಿ ನಾನು.
ಅಂದರೆ, ಯಾರಿಗೆ ಕರೆ ಮಾಡಿದರೂ
ಫೋನೆತ್ತಿಸಿಕೊಳ್ಳಲಾಗದ ಮನುಷ್ಯ.

ಈ ಸಲ ಗೋಡೆ. ಹೋದ ಸಲ ನೀರಿನ ಟ್ಯಾಂಕು.
ಅದಕ್ಕೂ ಹಿಂದೆ, ಸಮುದ್ರ ನುಂಗಿದ ಕೋಣೆಗೆ
ಬದಲಿ ಕೋಣೆ.
ಕೇಟಾದ ಈಚೆಗೆ, ಕಡಲಿಗೂ ಲಗೂನಿಗೂ ನಡುವೆ
ಒಂದು ಪಟ್ಟಿ ಮರಳಿನ ಮೇಲೆ ನಮ್ಮ ಶಾಲೆ,
ಸಾಲ ಕೊಟ್ಟವರಿಬ್ಬರ ಮಧ್ಯೆ
ಬೆವರುತ್ತ ಕೂತವನ ಹಾಗೆ.

ಟೆಮಾ ಬಂದರಿನಿಂದ ಸೆನಾನು
ಇನ್ನೂರು ಸೀಡಿ ಕಳಿಸಿದ, ಜೊತೆಗೆ ಮುನ್ನೂರು ಸಲಹೆ.
ಹ್ಯಾಂಬರ್ಗಿನಲ್ಲಿ ನರ್ಸಾಗಿರುವ ಎಲಿಕೆಮ್
ಯಾತಕ್ಕೆಂದು ಕೇಳುವುದಿಲ್ಲ,
ರಾತ್ರಿಪಾಳಿ ಮುಗಿಸಿ ಕಳಿಸಿಬಿಡುತ್ತಾಳೆ.
ಕೊಡ್ಜೊ ಮಾತ್ರ, ಗೋಡೆಯ ಮೇಲೆ ತನ್ನ ಹೆಸರು
ಎಷ್ಟು ಎತ್ತರದ ಅಕ್ಷರದಲ್ಲಿ ಬರುತ್ತದೆಂದು ಕೇಳಿ
ಇನ್ನೂ ಯೋಚಿಸುತ್ತಿದ್ದಾನೆ.

ಬಂದದ್ದೆಲ್ಲ ಬರೆದಿಡಬೇಕು, ಹುಲ್ಲುಕಡ್ಡಿಯಾದರೂ ಸರಿ,
ಎಂದರು ಹೆಡ್‌ಮಿಸ್ಟ್ರೆಸ್ ಡೊಗ್ಬೆ.
ಹಾಸ್ಟೆಲ್ ಅಡುಗೆಮನೆಯ ಪುಸ್ತಕ ತೆಗೆದೆ.
*ಶುಕ್ರವಾರ. ಹೊಗೆಮೀನು. ಒಂದು ಬುಟ್ಟಿ.*
ಕೊಟ್ಟವರ ಹೆಸರಿನ ಕಡೆ ಖಾಲಿ.
ಮುಂದಿನ ಶುಕ್ರವಾರ, ಅದೇ ಬುಟ್ಟಿ, ಅದೇ ಖಾಲಿ.
ಹಾಳೆ ತಿರುವಿದೆ. ಹನ್ನೊಂದು ವರ್ಷ.

"ದಡದ ಅಕ್ಪೆನೆಯದು" ಎಂದ ಅಡುಗೆಯವ,
"ನಿನ್ನ ವಯಸ್ಸಿನವಳೇ."

ಹಳೆಯ ದಾಖಲಾತಿ ಪುಸ್ತಕಕ್ಕೆ
ಉಪ್ಪುಗಾಳಿ ಬಡಿದು ಅಂಚು ಉದುರುತ್ತಿತ್ತು.
ಎರಡನೇ ಫಾರಂ, ಬಿ ವಿಭಾಗ.
ನನ್ನ ಹೆಸರಿನ ಮೇಲಿನ ಸಾಲಿನಲ್ಲೇ ಅವಳು,
ಕೆಂಪು ಶಾಯಿಯ ಗೀಟಿನ ಕೆಳಗೆ:
*ಫೀಸು ಬಾಕಿ. ಹೆಸರು ತೆಗೆದಿದೆ.*

ಎಂಬತ್ತಮೂರು. ಹಸಿವಿನ ವರ್ಷ ಅದು.
ಎಲ್ಲರ ಕೊರಳೆಲುಬೂ ಹೊರಗೆ ಇಣುಕುತ್ತಿದ್ದವು.
ಅವಳ ಕೈವಾರದಿಂದ ನಾನು ವೃತ್ತ ಎಳೆಯುತ್ತಿದ್ದೆ.
ಒಂದು ಸೋಮವಾರ ಬರಲಿಲ್ಲ.
ಎಲ್ಲಿ ಹೋದಳೆಂದು ಕೇಳಿದೆನೆ?
ಬೆಂಚಿನಲ್ಲಿ ಜಾಗ ಹೆಚ್ಚಾಯಿತಲ್ಲ,
ಮೊಣಕೈ ಚಾಚಿ ಬರೆದೆ.

ದಡದಲ್ಲಿ ಸಾಲು ಮಣ್ಣೊಲೆ,
ಹೊಗೆಯೊಳಗೆ ಹೊಗೆಯಂಥ ಹೆಂಗಸರು.
ಸಂಘ, ಗೌರವ ಸದಸ್ಯತ್ವ, ಗೋಡೆಯ ಮೇಲೆ ಹೆಸರು,
ಬಾಯಿಪಾಠ ಒಪ್ಪಿಸಿದೆ.
ಅವಳು ಮೀನು ಮಗುಚುತ್ತಲೇ ಇದ್ದಳು.

"ಗೋಡೆ ಬೇಡ. ಅದನ್ನು ಕಡಲೇ ಓದಿ ಮುಗಿಸುತ್ತದೆ.
ಮೂರನೇ ಟರ್ಮಿನದು ಬಾಕಿಯಿತ್ತು.
ಇಷ್ಟು ಮೀನಿಗೆ ತೀರಿತೋ ಇಲ್ಲವೋ,
ಲೆಕ್ಕದವನು ನೀನು, ಹೇಳು."

ಆ ಕಾಲದ ಸೀಡಿಯ ನಾಲ್ಕು ಸೊನ್ನೆಗಳನ್ನು
ಸರಕಾರವೇ ಎಂದೋ ಉಜ್ಜಿಹಾಕಿದೆ.
ಅವಳ ಬಾಕಿ ಇವತ್ತಿನ ಕಾಸಿನಲ್ಲಿ
ಒಂದು ಮೀನಿನ ಕಣ್ಣಿಗೂ ಸಾಲದು.

"ತೀರಿದೆ" ಎಂದೆ. ಹೊಗೆಗೋ ಏನೋ ಗಂಟಲು ಕಟ್ಟಿತು.
"ಹಾಗಾದರೆ ರಶೀದಿ ಕೊಡು."

ಚೀಲದಿಂದ ಪುಸ್ತಕ ತೆಗೆದು
ಕಾರ್ಬನ್ ಹಾಳೆ ಸರಿಮಾಡಿ
ಮೊಣಕಾಲ ಮೇಲಿಟ್ಟು ಒತ್ತಿ ಬರೆದೆ:
ಅಕ್ಪೆನೆ ಟೊರ್ಗ್ಬೊ. ಎರಡನೇ ಫಾರಂ, ಬಿ.
ಮೂರನೇ ಟರ್ಮು. ಪೂರ್ತಿ ಸಂದಿದೆ.
ತಾರೀಖಿನ ಮುಂದೆ ಕೈ ನಿಂತಿತು.
ಎಂಬತ್ತಮೂರು ಅಂತ ಹಾಕಲೆ?

"ಇವತ್ತಿನದೇ ಹಾಕು" ಎಂದಳು, "ಸುಳ್ಳು ಯಾಕೆ?"

ಕೈ ಒರೆಸಿ, ಎರಡು ಸಲ ಓದಿ,
ಮಡಚಿ ಸೊಂಟದ ಗಂಟಿಗೆ ಸೇರಿಸಿದಳು.
ಹೊರಟವನನ್ನು ಕೂಗಿ ನಿಲ್ಲಿಸಿ ಹೇಳಿದಳು:
"ಶುಕ್ರವಾರದ ಬುಟ್ಟಿ ಬರುತ್ತದೆ.
ಇನ್ನು ಮೇಲೆ ಅದನ್ನು
ಕೊಡುಗೆ ಅಂತ ಬರೆದುಕೊ."

ಗೋಡೆಗೆ ಇನ್ನೂ ಮೂರು ಸಾವಿರ ಕಡಿಮೆಯಿದೆ.
ದಾರಿಯಲ್ಲಿ ಕೊಡ್ಜೊ ಫೋನು ಮಾಡಿದ.
ನಾನು ಎತ್ತಲಿಲ್ಲ.